ವೈಂಡಿಂಗಣ್ಣನ ವೇಗ

ಎದುರು ಮನೆಯ ಮಹಡಿಯಿಂದ ಹುಡುಗಿಯ ಗಿಟಾರು ಕೇಳುತ್ತಿತ್ತು. ಅವೇ ಹನ್ನೊಂದು ಸ್ವರಗಳು ಓಡುತ್ತ ಬಂದು ಹನ್ನೆರಡನೆಯದರ ಹೊಸ್ತಿಲಲ್ಲಿ ಎಡವಿ ಬೀಳುತ್ತಿದ್ದವು. ತುಸು ಹೊತ್ತು ಸದ್ದಿಲ್ಲ. ಮತ್ತೆ ಮೊದಲಿನಿಂದ. ಮೂರು ವರ್ಷದಿಂದ ಆ ಬೀದಿಯ ಜನ ಬೆಳಗ್ಗೆ ಹಲ್ಲುಜ್ಜುವುದು ಇದೇ ತಾಳಕ್ಕೆ. ಬೀದಿಯ ಈಚೆ, ತನ್ನ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಮೋಟಾರಿನಿಂದ ಹಳೆಯ ತಾಮ್ರದ ತಂತಿ ಕೀಳುತ್ತಿದ್ದ ವೈಂಡಿಂಗಣ್ಣ ಮಾತ್ರ ಅವಳು ಎಡವಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವಳು ಎಡವುತ್ತಿದ್ದ ಕಲ್ಲನ್ನು ಅಲ್ಲಿ ಇಟ್ಟವನು ತಾನೇ ಎಂದು ಅವನಿಗೆ ಗೊತ್ತಿತ್ತು.

ಆ ಸ್ವರಗಳು ಅವನವೇ. ಮೂವತ್ತೆರಡು ವರ್ಷದ ಹಿಂದೆ, ತಲೆ ತುಂಬ ಕೂದಲಿದ್ದ ಕಾಲದಲ್ಲಿ, ನಾಲ್ವರು ಗೆಳೆಯರು ಸೇರಿ ಒಂದು ರಾಕ್ ತಂಡ ಕಟ್ಟಿದ್ದರು. ತಂಡ ಬದುಕಿದ್ದು ಹದಿನಾಲ್ಕು ತಿಂಗಳು, ಬಿಟ್ಟು ಹೋದದ್ದು ಒಂದೇ ಒಂದು ಕ್ಯಾಸೆಟ್ಟು. ಅದರ ಕೊನೆಯ ಹಾಡಿನ ನಡುವೆ ವೈಂಡಿಂಗಣ್ಣ ಒಬ್ಬನೇ ನುಡಿಸುವ ನಲವತ್ತು ಸೆಕೆಂಡುಗಳಿವೆ. ಅದರಿಂದ ಅವನಿಗೆ ‘ಮಿಂಚು’ ಎಂಬ ಬಿರುದು ಬಂತು. ಕ್ಯಾಸೆಟ್ಟು ಕೈಯಿಂದ ಕೈಗೆ, ಊರಿಂದ ಊರಿಗೆ ಹೋಯಿತು. ಇಷ್ಟು ವೇಗ ಮನುಷ್ಯನ ಬೆರಳಿಗೆ ಸಾಧ್ಯವೇ ಎಂದು ಗಿಟಾರು ಹಿಡಿದವರೆಲ್ಲ ಬೆರಗಾದರು.

ಸಾಧ್ಯವಿರಲಿಲ್ಲ. ಗುಟ್ಟು ಇದ್ದದ್ದೇ ಅಲ್ಲಿ.

ಹಾಡು ಹಿಡಿಯಲು ಅವರಿಗೆ ಸಿಕ್ಕಿದ್ದ ಟೇಪ್ ರೆಕಾರ್ಡರಿನ ಮೋಟಾರು ಕೆಟ್ಟಿತ್ತು. ಆಗಷ್ಟೇ ಕಸುಬು ಕಲಿಯುತ್ತಿದ್ದ ಅವನು ‘ನಾನಿದ್ದೀನಲ್ಲ’ ಎಂದು ಎದೆ ತಟ್ಟಿಕೊಂಡು ಅದನ್ನು ಬಿಚ್ಚಿ ಸರಿಮಾಡಿದ. ಮೋಟಾರೇನೋ ತಿರುಗಿತು, ಆದರೆ ಹೊಟ್ಟೆ ಬಿರಿಯ ಉಂಡು ಎದ್ದವನ ಹಾಗೆ, ನಿಧಾನವಾಗಿ. ನಿಧಾನ ಓಡುವ ಯಂತ್ರದಲ್ಲಿ ಹಿಡಿದ ಹಾಡನ್ನು ಅದೇ ಯಂತ್ರದಲ್ಲಿ ಕೇಳಿದರೆ ಸರಿಯಾಗಿಯೇ ಇರುತ್ತದೆ. ನೆಟ್ಟಗೆ ಓಡುವ ಬೇರೆ ಯಂತ್ರಕ್ಕೆ ಹಾಕಿದರೆ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುತ್ತದೆ, ಸ್ವರವೂ ಮೇಲೇರುತ್ತದೆ. ಅವನು ಬೆವರು ಸುರಿಸುತ್ತ, ನಡುವೆ ಒಮ್ಮೆ ಮೂಗನ್ನೂ ಕೆರೆದುಕೊಂಡು ಐವತ್ತು ಸೆಕೆಂಡು ನುಡಿಸಿದ್ದು ಲೋಕಕ್ಕೆ ನಲವತ್ತು ಸೆಕೆಂಡಿನ ಮಿಂಚಾಗಿ ಕೇಳಿಸಿತು. ತಂಡದ ಹಾಡುಗಾರನ ಗಡಸು ಗಂಟಲು ಎಂಟನೇ ಕ್ಲಾಸಿನ ಹುಡುಗಿಯದಾಯಿತು. “ಇದು ನನ್ನ ದನಿ ಅಲ್ಲ ಕಣ್ರೋ” ಎಂದು ಅವನು ಗೋಗರೆದ. ಯಾರೂ ನಂಬಲಿಲ್ಲ. ತಂಡ ಒಡೆದದ್ದು ಹಾಗೆ.

ಒಂದೇ ವಾರದಲ್ಲಿ ವೈಂಡಿಂಗಣ್ಣನಿಗೆ ತನ್ನ ತಪ್ಪು ಗೊತ್ತಾಯಿತು. ಅಷ್ಟರಲ್ಲಿ ಹೊಗಳಿಕೆ ಮನೆಯೊಳಗೆ ಬಂದು ಕಾಲು ಚಾಚಿ ಕೂತಿತ್ತು. ನಿಜ ಹೇಳಿದರೆ ಗಿಟಾರಿನವನ ಮಾನ, ಮೆಕ್ಯಾನಿಕ್ಕಿನ ಮಾನ, ಎರಡೂ ಒಂದೇ ಗಾಡಿ ಹತ್ತಿ ಹೋಗುತ್ತಿದ್ದವು. ಅವನು ಬಾಯಿಗೆ ಬೀಗ ಹಾಕಿಕೊಂಡ. ನುಡಿಸು ಎಂದವರಿಗೆ ಬೆರಳು ಉಳುಕಿದೆ ಎಂದ. ಆಮೇಲೆ ಗಿಟಾರನ್ನೇ ಬಿಟ್ಟ. ಹೆಸರು ಬಂದಾಗಲೇ ಬಿಟ್ಟವನು, ಎಂಥ ವಿರಾಗಿ ಎಂದು ಜನ ಅದಕ್ಕೂ ಹೊಗಳಿದರು. ಎಲ್ಲ ತಿಳಿದಿದ್ದವಳು ಹೆಂಡತಿ ಒಬ್ಬಳೇ.

“ಮಿಂಚಂತೆ ಮಿಂಚು! ಅಡುಗೆಮನೆ ಬಲ್ಬು ಹೋಗಿ ಹನ್ನೆರಡು ದಿನ ಆಯ್ತು. ಮಿಂಚು ಇನ್ನೂ ಆ ಕಡೆ ತಲೆ ಹಾಕಿಲ್ಲ,” ಎನ್ನುತ್ತಿದ್ದಳು.

ಹೀಗಿರುವಾಗ ಕ್ಯಾಮೆರಾ ಮೇಡಂ ಬಂದಳು. ರಾಕ್ ಗಿಟಾರಿನ ಮೂರು ತಲೆಮಾರುಗಳ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಮೂರನೇ ತಲೆಮಾರಿಗೆ ಎದುರು ಮನೆಯ ಹುಡುಗಿ, ಎರಡನೆಯದಕ್ಕೆ ‘ಮಿಂಚು’. ಮೊದಲನೆಯದಕ್ಕೆ ಮೇಷ್ಟ್ರು, ಅಂದರೆ ಅವನ ಗುರು.

ಆ ಊರಿನಲ್ಲಿ ಗಿಟಾರಿಗೆ ಮೊದಲು ಕರೆಂಟು ಕೊಟ್ಟವರು ಮೇಷ್ಟ್ರು. ಹಳೆಯ ರೇಡಿಯೋ ಒಂದನ್ನು ಬಿಚ್ಚಿ, ಗಿಟಾರಿನ ವೈರನ್ನು ಅದಕ್ಕೆ ಸೇರಿಸಿ, ಮೊದಲ ಸಲ ತಂತಿ ಮೀಟಿದಾಗ ಬೀದಿಯ ಕಿಟಕಿಗಳೆಲ್ಲ ಅದುರಿದ್ದವಂತೆ. ಕ್ಯಾಸೆಟ್ಟು ಬಂದ ಮೇಲೆ ಅವರು ಶಿಷ್ಯನನ್ನು ಕರೆದು “ಬೆರಳು ಚೆನ್ನಾಗಿದೆ” ಎಂದಿದ್ದರು. ಅಷ್ಟೇ. ಮತ್ತೆ ಪಾಠಕ್ಕೆ ಬಾ ಎನ್ನಲಿಲ್ಲ. ಗುರುಗಳಿಗೆ ಹೊಟ್ಟೆಕಿಚ್ಚು ಎಂದುಕೊಂಡು ಅವನು ಆ ಕಾಲದಲ್ಲಿ ಗುಟ್ಟಾಗಿ ಹಿಗ್ಗಿದ್ದ. ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತಿತ್ತು.

“ಆಗಲ್ಲ ಅಂತ ಹೇಳಿಬಿಡಲಾ?” ಎಂದು ಹೆಂಡತಿಯನ್ನು ಕೇಳಿದ.

“ಹೇಳಿ. ಕೈ ಉಳುಕಿದೆ ಅನ್ನಿ. ಮೂವತ್ತು ವರ್ಷದಿಂದ ವಾಸಿಯಾಗದೇ ಇರೋ ಉಳುಕು, ಅದರ ಮೇಲೂ ಒಂದು ಸಿನಿಮಾ ತೆಗೀತಾರೆ.”

ಚಿತ್ರೀಕರಣ ಅವನ ಅಂಗಡಿಯಲ್ಲೇ ನಡೆಯಿತು. ಬಿಚ್ಚಿಟ್ಟ ಮೋಟಾರುಗಳ ನಡುವೆ ಎರಡು ದೀಪ ನಿಲ್ಲಿಸಿದರು. ಹೆಂಡತಿ ಮೆಟ್ಟಿಲ ಮೇಲೆ ಕೂತಳು. ಎಂಬತ್ತೊಂದರ ಮೇಷ್ಟ್ರು ಕುರ್ಚಿಯಲ್ಲಿ ಕೂತು, ಕೇಳಿಸುವ ಬಲಗಿವಿಯನ್ನು ಹುಡುಗಿಯ ಕಡೆ ತಿರುಗಿಸಿದರು.

ಹುಡುಗಿ ನುಡಿಸಿದಳು. ಹನ್ನೊಂದು ಸ್ವರಗಳು ಓಡಿ ಬಂದವು. ಹನ್ನೆರಡನೆಯದನ್ನು ಈ ದಿನ ಅವಳು ಹಾರಿ ದಾಟಿದಳು. ಅಲ್ಲಿಂದ ಮುಂದೆ ಕೈ ನಿಲ್ಲಲಿಲ್ಲ. ಸರಿಯಾಗಿ ನಲವತ್ತು ಸೆಕೆಂಡು. ಮುಗಿಸಿದವಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಕೇಳಿದಳು:

“ಅಂಕಲ್, ಇಷ್ಟು ಮೇಲಿನ ಸ್ವರಕ್ಕೆ, ಈ ಇಕ್ಕಟ್ಟು ಪಟ್ಟಿಗಳ ನಡುವೆ ನಿಮ್ಮ ದಪ್ಪ ಬೆರಳು ಹೇಗೆ ಹಿಡೀತಿತ್ತು?”

ವೈಂಡಿಂಗಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. “ಆಗ ತೆಳ್ಳಗಿತ್ತಮ್ಮ,” ಎಂದ. ಮೆಟ್ಟಿಲ ಮೇಲೆ ಹೆಂಡತಿ ಕೆಮ್ಮಿದಳು.

“ಇದೇ, ಇದೇ!” ಎಂದು ಮೇಷ್ಟ್ರು ಕ್ಯಾಮೆರಾದತ್ತ ತಿರುಗಿದರು. “ಇದನ್ನ ಕೇಳಿದ ದಿನವೇ ನಾನು ಗಿಟಾರು ಕಪಾಟಿಗಿಟ್ಟೆ. ಶಿಷ್ಯನೇ ಹೀಗೆ ನುಡಿಸ್ತಾನೆ ಅಂದ್ಮೇಲೆ ಗುರು ಇನ್ನೂ ಕೊಯ್ತಾ ಕೂತ್ರೆ ನೋಡೋಕೆ ಚೆನ್ನಾಗಿರುತ್ತಾ? ಅವನಿಗೆ ಹೇಳಲಿಲ್ಲ. ಹೇಳಿದ್ರೆ ಪಾಪ, ಬೇಜಾರು ಮಾಡ್ಕೋತಿದ್ದ.”

“ಆಮೇಲೆ ನುಡಿಸಲೇ ಇಲ್ವಾ ಸಾರ್?” ಎಂದಳು ಮೇಡಂ.

“ಮುಟ್ಟಲಿಲ್ಲ.”

ವೈಂಡಿಂಗಣ್ಣ ತನ್ನ ಮೇಲೆ ತಾನೇ ನಗೆಮಾತು ಕಟ್ಟುವುದರಲ್ಲಿ ನಿಸ್ಸೀಮ. ಈಗಲೂ ಒಂದಕ್ಕಾಗಿ ತಡಕಾಡಿದ. ಸಿಗಲಿಲ್ಲ. ಒಂದು ರಿಪೇರಿಯ ತಪ್ಪು ತನ್ನನ್ನು ಮೆರೆಸಿತು, ಹಾಡುಗಾರನನ್ನು ಅಳಿಸಿತು ಎಂದಷ್ಟೇ ಅವನು ಈವರೆಗೆ ತಿಳಿದಿದ್ದ. ಅದು ಇನ್ನೊಂದು ಮನೆಯ ಕಪಾಟಿನ ಬಾಗಿಲನ್ನೂ ಮುಚ್ಚಿತ್ತು.

“ಮೇಷ್ಟ್ರೇ,” ಎಂದ. ದನಿ ಅವರ ಕೇಳದ ಕಿವಿಗೆ ಬಿತ್ತು. ಎದ್ದು ಬಲಕ್ಕೆ ಬಂದು ನೆಲದ ಮೇಲೆ ಕೂತ. “ಅದು ನನ್ನ ಬೆರಳಲ್ಲ ಮೇಷ್ಟ್ರೇ. ಮೋಟಾರು. ನಾನು ಕೆಡಿಸಿದ ಮೋಟಾರು.”

ಎಲ್ಲವನ್ನೂ ಹೇಳಿದ, ಮೂಗು ಕೆರೆದುಕೊಂಡದ್ದನ್ನೂ ಬಿಡಲಿಲ್ಲ.

“ಅಂದ್ರೆ ನಾನು ಮೂರು ವರ್ಷ ಕಲಿತಿದ್ದು ನಿಮ್ಮ ರಿಪೇರಿ ತಪ್ಪನ್ನಾ?” ಎಂದಳು ಹುಡುಗಿ. ಅಳಬೇಕೋ ನಗಬೇಕೋ ಅವಳಿಗೇ ತಿಳಿದಿರಲಿಲ್ಲ.

“ಹೌದಮ್ಮ. ಅದನ್ನ ಕೈಯಲ್ಲಿ ನುಡಿಸಿದವಳು ನೀನೇ ಮೊದಲು. ನಾನು ಇನ್ನೂ ನುಡಿಸಿಲ್ಲ.”

ಮೇಷ್ಟ್ರು ಅವನ ಬೋಳುತಲೆಯನ್ನೇ ನೋಡುತ್ತಿದ್ದರು. “ಮೂವತ್ತೆರಡು ವರ್ಷ,” ಎಂದರು. “ಒಂದು ಮಾತು ಹೇಳೋಕೆ ಏನಾಗಿತ್ತೋ ಕತ್ತೆ?”

“ನಾಚಿಕೆ ಆಗಿತ್ತು ಮೇಷ್ಟ್ರೇ.”

“ಈಗ ಆಗ್ತಿಲ್ವಾ?”

“ಆಗ್ತಿದೆ. ನಾಚಿಕೊಂಡೇ ಹೇಳಿದೆ.”

ಮೇಷ್ಟ್ರು ಮುಖ ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು, ಒಂದು ಏಟು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು ಎನಿಸಿತು ಅವನಿಗೆ. ಅಷ್ಟರಲ್ಲಿ ಕ್ಯಾಮೆರಾ ಮೇಡಂ ಮೆಲ್ಲಗೆ ಗಂಟಲು ಸರಿಪಡಿಸಿಕೊಂಡಳು.

“ಅಣ್ಣ, ತಪ್ಪು ತಿಳ್ಕೋಬೇಡಿ. ನೀವು ಎದ್ದು ಹೋಗಿ ನೆಲದ ಮೇಲೆ ಕೂತ್ರಲ್ಲ, ಅಲ್ಲಿ ಬೆಳಕೇ ಇರಲಿಲ್ಲ. ಇನ್ನೊಂದು ಸಲ ಹೇಳ್ತೀರಾ? ಸ್ಟೂಲ್ ಮೇಲೆ ಕೂತು?”

ಮೆಟ್ಟಿಲ ಮೇಲೆ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಯುಷ್ಯದಲ್ಲಿ ಒಂದೇ ಸಲ ನಿಜ ಹೇಳಿದ್ದು, ಅದೂ ಕತ್ತಲಲ್ಲಿ! ವೈಂಡಿಂಗಣ್ಣ ಹೋಗಿ ಸ್ಟೂಲಿನ ಮೇಲೆ ಕೂತ. ಅಂಗಿಯ ಗುಂಡಿ ಹಾಕಿಕೊಂಡ. ದೀಪ ಕಣ್ಣಿಗೆ ಹೊಡೆಯುತ್ತಿತ್ತು, ಎದುರಿನದೇನೂ ಕಾಣುತ್ತಿರಲಿಲ್ಲ.

“ಆ ಕ್ಯಾಸೆಟ್ಟಿನಲ್ಲಿ ಕೇಳೋ ವೇಗ ನನ್ನದಲ್ಲ,” ಎಂದು ಶುರು ಮಾಡಿದ. ಎರಡನೇ ಸಲಕ್ಕೆ ಮಾತು ಸಲೀಸಾಗಿ ಬರುತ್ತಿರುವುದು ಕಂಡು ಅವನಿಗೇ ಹೇಸಿಗೆಯಾಯಿತು.

ಬೆಳಕಿನ ಆಚೆ ಮೇಷ್ಟ್ರು ಹುಡುಗಿಗೆ ಏನೋ ಹೇಳಿದರು. ಕುರ್ಚಿ ಕಿರುಗುಟ್ಟಿತು. ಆಮೇಲೆ ಒಂದು ತಂತಿ, ಅದರ ಹಿಂದೆ ಇನ್ನೊಂದು. ಬೆರಳು ಮರಗಟ್ಟಿತ್ತು, ಸ್ವರ ಅರ್ಧಕ್ಕೇ ಸಾಯುತ್ತಿತ್ತು. ಆದರೆ ಎಡಗೈಯ ಆ ಸಣ್ಣ ಜಾರು, ಆ ಬೀದಿಯಲ್ಲಿ ಮೇಷ್ಟ್ರದಲ್ಲದೆ ಇನ್ನಾರದೂ ಅಲ್ಲ. ಹುಡುಗಿಯ ಗಿಟಾರಿನ ಮೂರನೇ ತಂತಿಯ ಶ್ರುತಿ ತುಸು ಇಳಿದಿತ್ತು. ಮಂದವಾದ ಒಂದೇ ಕಿವಿಯ ಮೇಷ್ಟ್ರಿಗೆ ಅದು ತಿಳಿಯುತ್ತಿರಲಿಲ್ಲ. ಅದೇ ಇಳಿದ ತಂತಿಯನ್ನು ಮತ್ತೆ ಮತ್ತೆ ಮೀಟುತ್ತಿದ್ದರು.

“ಮುಂದೆ ಹೇಳಿ ಅಣ್ಣ,” ಎಂದಳು ಮೇಡಂ.

“ಆ ಮೋಟಾರು ನಿಧಾನ ತಿರುಗ್ತಿತ್ತು,” ಎಂದ ವೈಂಡಿಂಗಣ್ಣ, “ಅದನ್ನ ರಿಪೇರಿ ಮಾಡಿದ್ದು ಬೇರೆ ಯಾರೂ ಅಲ್ಲ, ಅದು—” ಎನ್ನುತ್ತ ಸ್ಟೂಲಿನಿಂದ ಎದ್ದು, ದೀಪವನ್ನು ಪಕ್ಕಕ್ಕೆ ಸರಿಸಿ, “ಮೇಷ್ಟ್ರೇ, ಮೂರನೇದು ಇಳಿದಿದೆ, ಒಂದು ಚೂರು ಇಲ್ಲಿ ಕೊಡಿ, ನಾನು ಸರಿಮಾಡ್ತೀನಿ,” ಎಂದು ಗಿಟಾರಿಗೆ ಕೈ ಚಾಚಿದ.