ಎರಡು ಬೆರಳು ಕಲರು

ಹಡಗಿನ ವೇಟರು ನಮ್ಮ ಅಕ್ಕನಿಗೆ ಹೆದರಿಬಿಟ್ಟಿದ್ದ.

ನಿಜವಾಗಿಯೂ! ದಿನಾ ನೂರಾರು ಜನಕ್ಕೆ ತಟ್ಟೆ, ಲೋಟ ಎತ್ತುವ ಮನುಷ್ಯ. ಎಂಥೆಂಥ ಗಿರಾಕಿಗಳನ್ನು ಕಂಡವನೋ ಏನೋ. ಆದರೆ ಸಾನಮಾವು ಕಾಡಂಚಿನ ಊರಿನಿಂದ ಬಂದು, ಹವಾಯಿ ಚಪ್ಪಲಿಯಲ್ಲೇ ಹಡಗು ಹತ್ತಿದ ಈ ಹೆಂಗಸು ಅವನನ್ನು ಕಂಗಾಲು ಮಾಡಿದ್ದಳು. ಆರೆಂಜ್ ತಂದುಕೊಟ್ಟ. ಅಕ್ಕ ಕುಡಿದಳು, ತಳದಲ್ಲಿ ಎರಡು ಬೆರಳಿನಷ್ಟು ಬಿಟ್ಟು ಲೋಟ ಸರಿಸಿದಳು. ಸೇರಲಿಲ್ಲವೇನೋ ಅಂತ ಅವನು ಲೆಮನ್ ತಂದ. ಅದರಲ್ಲೂ ಎರಡು ಬೆರಳು. ಕಪ್ಪಗಿನ ಕೋಲಾ ತಂದ. ಅದರಲ್ಲೂ ಅಷ್ಟೇ.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ. ತೂತುಕುಡಿ ಕಡೆಯವನಂತೆ, ತಮಿಳಿನಲ್ಲಿ, "ಪಿಡಿಕ್ಕಲಿಯಾಮ್ಮಾ?" ಅಂದ. ಇಷ್ಟವಾಗಲಿಲ್ಲವೇನಮ್ಮಾ ಅಂತ.

"ರೊಂಬ ನಲ್ಲಾ ಇರುಕ್ಕುಪ್ಪಾ," ಅಂದಳು ಅಕ್ಕ. ತುಂಬ ಚೆನ್ನಾಗಿದೆಯಪ್ಪಾ ಅಂತ ಹೇಳಿ, ಎರಡು ಬೆರಳು ಉಳಿದ ಆ ಲೋಟವನ್ನೂ ಸರಿಸಿದಳು. ಪಾಪ, ಅವನೇನು ಮಾಡಿಯಾನು? ನಾಲ್ಕನೆಯದು ತರಲು ಹೋದ.

ನಾವು ಹಡಗು ಹತ್ತಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. (ಈ ಅಂಕಣ ಓದುವವರಿಗೆ ಗೊತ್ತು, ನಾನು ಹೊಸೂರಿನ ಬಸ್ ಸ್ಟ್ಯಾಂಡ್ ದಾಟಬೇಕಾದರೂ ಕಾರಣ ಹುಡುಕುವ ಪೈಕಿ.) ಎಲ್ಲ ನನ್ನ ಮಗಳ ಕಿತಾಪತಿ. ಅವಳು ಇಲ್ಲೇ ಫ್ಯಾಕ್ಟರಿಯೊಂದರ ಆಫೀಸಿನಲ್ಲಿದ್ದಾಳೆ. ಯಾವುದೋ ಆಫರ್ ಅಂತ ಚೆನ್ನೈನಿಂದ ಹೊರಡುವ ಹಡಗಿಗೆ ಎರಡು ಟಿಕೆಟ್ ಬುಕ್ ಮಾಡಿ, "ಅಮ್ಮಾ, ದೊಡ್ಡಮ್ಮನ್ನ ಕರ್ಕೊಂಡು ಹೋಗ್ಬಿಟ್ಟು ಬಾ" ಅಂದಳು. ರಾಗಿ ಒಕ್ಕಣೆ ಮುಗಿದಿತ್ತು. ಹೊಲಕ್ಕೆ ಆನೆ ನುಗ್ಗದಂತೆ ರಾತ್ರಿ ಕಾಯುವ ಕೆಲಸವೂ ಮುಗಿದಿತ್ತು. ಅಕ್ಕನಿಗೆ ತಪ್ಪಿಸಿಕೊಳ್ಳಲು ನೆಪ ಸಿಗಲಿಲ್ಲ.

"ನೀರಿನ ಮ್ಯಾಲೆ ನಂಗೇನೇ ಕೆಲ್ಸ?" ಅಂತ ಒಂದು ಸಲ ಗೊಣಗಿದಳು. ಆಮೇಲೆ ಬ್ಯಾಗಿಗೆ ಚಕ್ಕುಲಿ ತುಂಬಿದಳು.

ಟಿಕೆಟ್ಟಿನ ಜೊತೆಗೆ ಮಗಳು ಸಾಫ್ಟ್ ಡ್ರಿಂಕ್ ಪ್ಯಾಕೇಜ್ ಕೂಡ ಹಾಕಿಸಿದ್ದಳು. ಒಂದು ಸಲ ದುಡ್ಡು ಕಟ್ಟಿದರೆ ಮುಗಿಯಿತು, ಇಳಿಯುವ ತನಕ ಬೇಕಾದಷ್ಟು ಕುಡಿಯಬಹುದು. ವಾಪಸ್ ಬಂದ ಮೇಲೆ ನಮ್ಮ ಬೀದಿಯಲ್ಲಿ ಸಮುದ್ರ ಹೇಗಿತ್ತು ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ, "ಆ ಪ್ಯಾಕೇಜ್ ವರ್ತಾ ಮೇಡಂ?"

ನ್ಯಾಯವಾದ ಪ್ರಶ್ನೆಯೇ. ಹಾಕಿದ ದುಡ್ಡು ವಸೂಲಾಗಬೇಕು ಅಂದರೆ ಬೆಳಗ್ಗೆ ಎದ್ದಾಗಿನಿಂದ ಕುಡಿಯುತ್ತಲೇ ಇರಬೇಕು. ಕುಡಿಯುತ್ತಲೇ ಇದ್ದರೆ ಸಮುದ್ರ ನೋಡುವುದು ಯಾವಾಗ? ಬಾತ್‌ರೂಮಿನ ಬಾಗಿಲು ನೋಡಿಕೊಂಡು ಬರಬೇಕಷ್ಟೇ! ಊಟದ ಹಾಲಿನಲ್ಲಿ ನೀರು, ಟೀ, ಕಾಫಿ, ನಿಂಬೆ ಪಾನಕ ಪುಕ್ಕಟೆ. ಸಕ್ಕರೆ ಕಾಯಿಲೆ ಇದ್ದವರು ಪ್ಯಾಕೇಜಿನ ಹತ್ತಿರಕ್ಕೂ ಹೋಗಬೇಡಿ. (ಅಕ್ಕನಿಗೆ ಶುಗರ್ ಇಲ್ಲ. ಗುದ್ದಲಿ ಹಿಡಿದವರನ್ನು ಕಂಡರೆ ಅದು ಹೆದರಿ ಓಡುತ್ತದೆ ಅನ್ನುವುದು ಅವಳ ಥಿಯರಿ.) ಹೀಗೆ ಹೇಳಿ ಮುಗಿಸಿಬಿಡಬಹುದಿತ್ತು.

ಆದರೆ ಆ ಪ್ಯಾಕೇಜಿಗೆ ಒಂದು ರೂಲ್ ಇತ್ತು. ನಾವು ಹೋದ ಹಡಗಿನಲ್ಲಿ ಹೀಗಿತ್ತು, ಬೇರೆಯವುಗಳ ಕತೆ ಗೊತ್ತಿಲ್ಲ. ಒಂದು ಕಾರ್ಡು ಒಬ್ಬರಿಗೆ ಮಾತ್ರ. ನಿಮ್ಮ ಲೋಟದಿಂದ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ನೋ ಶೇರಿಂಗ್. ಅದನ್ನು ಅಕ್ಕನಿಗೆ ಬಿಡಿಸಿ ಹೇಳಿದೆ. ಅವಳು ನಗುವುದೋ ಬಿಡುವುದೋ ಅಂತ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು.

"ಹಂಚ್ಕೊಂಬಾರ್ದಾ? ಕಲರ್‌ನಾ? ಮತ್ತೆ ಇನ್ನೇನಕ್ಕೆ ಕುಡೀತಾರೆ ಇವ್ರು?"

ನಮ್ಮ ಕಡೆ ಬಾಟಲಿಯಲ್ಲಿ ಬರುವ ಕೂಲ್ ಡ್ರಿಂಕ್ಸಿಗೆಲ್ಲ ಕಲರು ಅಂತಲೇ ಹೆಸರು. ಬೇರಿಕೆ ಪಕ್ಕದ ನಮ್ಮ ತವರೂರಿನಲ್ಲಿ ಮನೆಯವರು ಯಾರೂ ಕಲರು ಕುಡಿಯುತ್ತಿರಲಿಲ್ಲ. ಅದು ನೆಂಟರ ಸ್ವತ್ತು. ಬಸ್ಸಿಳಿದು ಯಾರಾದರೂ ಮನೆ ಕಡೆ ತಿರುಗಿದರೆ ಸಾಕು, ಅಮ್ಮ ಅಕ್ಕನನ್ನು ಅಂಗಡಿಗೆ ಓಡಿಸುವಳು. ಅಂಗಡಿಯವನು ಅಲ್ಲೇ ಮುಚ್ಚಳ ತೆಗೆದು ಕೊಡುತ್ತಿದ್ದ. ಗ್ಯಾಸ್ ಹೋಗಬಾರದು ಅಂತ ಅಕ್ಕ ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಓಡಿ ಬರುವಳು. ನೆಂಟರ ಕೈಗೆ ಬಾಟಲಿ ಕೊಟ್ಟು, ಒಳಗೆ ಬಂದು ಆ ಹೆಬ್ಬೆರಳು ನೆಕ್ಕುವಳು.

ಆಮೇಲೆ ನಾವು ಮೂವರೂ ಬಾಗಿಲ ಹಿಂದೆ. ಅಕ್ಕ, ನಾನು, ತಮ್ಮ ಗೋಪಿ.

ಮರ್ಯಾದೆ ಬಲ್ಲ ನೆಂಟರು ಬಾಟಲಿ ಖಾಲಿ ಮಾಡುತ್ತಿರಲಿಲ್ಲ. ತಳದಲ್ಲಿ ಎರಡು ಬೆರಳು ಬಿಡುವುದು ಪದ್ಧತಿ. ಮನೆಯಲ್ಲಿ ಮಕ್ಕಳಿದ್ದಾರೆ, ಬಾಗಿಲ ಹಿಂದೆ ಕಾಯುತ್ತಿದ್ದಾರೆ ಅಂತ ಅವರಿಗೂ ಗೊತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ನಮಗೆ ನೆಂಟರ ಯೋಗ್ಯತೆ ಅಳೆಯಲು ಅದೊಂದೇ ಅಳತೆಗೋಲು. ಜವಳಗಿರಿಯ ಸೋದರಮಾವ ತುಟಿ ಒದ್ದೆ ಮಾಡಿಕೊಂಡು ಅರ್ಧ ಬಾಟಲಿ ಬಿಡುತ್ತಿದ್ದ, ಅವನು ದೇವರು. ಇನ್ನೊಬ್ಬ ದೊಡ್ಡ ಮನುಷ್ಯ ಬಾಟಲಿ ತಲೆಕೆಳಗು ಮಾಡಿ ತಟ್ಟಿ ತಟ್ಟಿ ಕುಡಿಯುತ್ತಿದ್ದ. ಅವನು ಹೋದ ಮೇಲೆ ಗೋಪಿ ಬಿದ್ದು ಹೊರಳಾಡಿ ಅಳುತ್ತಿದ್ದ. (ಆತ ಆಮೇಲೆ ಪಂಚಾಯ್ತಿಗೆ ನಿಂತ. ನಮ್ಮ ಮನೆಯಲ್ಲಿ ಯಾರೂ ಓಟು ಹಾಕಲಿಲ್ಲ!)

ಉಳಿದ ಕಲರು ಅಕ್ಕನ ವಶ. ಪಾಲು ಮಾಡುವವಳು ಅವಳೇ. ಮೊದಲು ಗೋಪಿಗೆ. ಬಾಟಲಿ ಅಕ್ಕನ ಕೈಗೆ ಬರುವುದೇ ತಡ, "ನಂಗೊಂಚೂರು ಬುಡಕ್ಕಾ, ನಂಗೊಂಚೂರು ಬುಡಕ್ಕಾ" ಅಂತ ಅವಳ ಲಂಗ ಹಿಡಿದು ಜಗ್ಗುತ್ತಿದ್ದ. ಅವನಾದ ಮೇಲೆ ನನಗೆ. ಅಷ್ಟು ಹೊತ್ತಿಗೆ ಬಾಟಲಿ ಬರಿದು. ಅಕ್ಕ ಅದಕ್ಕೆ ಒಂದಿಷ್ಟು ನೀರು ಹಾಕಿ, ಕುಲುಕಿ, ಆ ತೆಳು ಬಣ್ಣದ ನೀರು ಕುಡಿಯುವಳು. ಅವಳ ಪಾಲು ಅದು. ನನಗೆ ಆಗ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಅಕ್ಕಂದಿರು ಬಾಟಲಿ ತೊಳೆದ ನೀರು ಕುಡಿಯುತ್ತಾರೆ, ಲೋಕದ ನಿಯಮವೇ ಅದು ಅಂದುಕೊಂಡಿದ್ದೆ.

ಈಗ ಅಕ್ಕನ ಮುಂದೆ ಬೇಕಾದಷ್ಟು ಕಲರು. ಗಾಜಿನ ಲೋಟ, ಒಳಗೆ ಐಸು, ಅಂಚಿಗೆ ಕಿತ್ತಳೆ ಹಣ್ಣಿನ ಬಿಲ್ಲೆ. ಕಣ್ಣು ಹಾಯಿಸಿದಷ್ಟೂ ಸಮುದ್ರ. ಆದರೂ ಎರಡು ಬೆರಳು ಬಿಡುವ ಕೈ ಬಿಡುತ್ತಲೇ ಇತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ ಹಾಗೆ.

ಕೊನೆಯ ಸಂಜೆ ವೇಟರು ಲೋಟ ಎತ್ತಲು ಬಂದಾಗ ಅಕ್ಕ "ಇರ್ಲಿ ತಂಬಿ" ಅಂದು ಅದನ್ನು ಹತ್ತಿರ ಎಳೆದುಕೊಂಡಳು. ಐಸೆಲ್ಲ ಕರಗಿ, ತಳದ ಆರೆಂಜು ತೆಳ್ಳಗೆ ನೀರಾಗಿತ್ತು. ಒಂದು ಗುಟುಕು ಕುಡಿದಳು.

"ಇದೇ ಕಣೇ ಆ ರುಚಿ," ಅಂದಳು. "ಬಾಟ್ಲಿ ತೊಳ್ದ ನೀರು."

"ಈಗ ಪೂರ್ತಿ ಲೋಟ ನಿಂದೇ ಅಲ್ವೇನಕ್ಕಾ, ಕುಡಿ" ಅಂದೆ.

"ಕುಡ್ಯಕ್ಕೇನೇ, ಬೇಕಾದಂಗೈತೆ. ಬುಡೋಣ ಅಂದ್ರೆ ಯಾರವ್ರೆ?" ಅಂದಳು. ಸಮುದ್ರದ ಕಡೆ ನೋಡಿಕೊಂಡೇ ಹೇಳಿದಳು, "ತವ್ರಿಗೆ ಹೋದ್ರೂ ಅಷ್ಟೇ ಆಗೈತೆ. ಗೋಪಿ ಸೋಫಾ ಮ್ಯಾಲೆ ಕುಂಡ್ರಿಸಿ ಒಂದು ಬಾಟ್ಲಿ ಪೂರ್ತಿ ಕೈಗೆ ಕೊಡ್ತಾನೆ. ನೆಂಟ್ರಿಗೆ ಕೊಟ್ಟಂಗೆ. ಒಳ್ಳೇನೇ, ಅವ್ನನ್ನ ಏನೂ ಅನ್ನಂಗಿಲ್ಲ. ಆದ್ರೂ ಒಂದ್ಸಲ ಕೇಳ್ಬೇಕು ಕಣೇ ಅವ್ನು, ನಂಗೊಂಚೂರು ಬುಡಕ್ಕಾ ಅಂತ. ಒಂದ್ಸಲ ಸಾಕು."

ನೆಂಟರಿಗೆ ಕೊಟ್ಟಂಗೆ. ಆ ಮಾತು ನನಗೂ ನಾಟಿತು. ಅಕ್ಕ ಹೇಳುವ ತನಕ ನನಗೆ ಹೊಳೆದೇ ಇರಲಿಲ್ಲ, ಬಾಗಿಲ ಹಿಂದಿನಿಂದ ನಾವಿಬ್ಬರೂ ಬಾಗಿಲ ಮುಂದಕ್ಕೆ ಬಂದದ್ದು ಯಾವಾಗ? ತವರಿನಲ್ಲಿ ನಮಗೆ ಮನೆಯವರ ಹಾಗೆ ಮಜ್ಜಿಗೆ ಕೊಡುವುದನ್ನು ನಿಲ್ಲಿಸಿ ಕಲರು ಕೊಡಲು ಶುರು ಮಾಡಿದ್ದು ಯಾವಾಗ? ಅಂಥದ್ದಕ್ಕೆಲ್ಲ ಯಾರೂ ದಿನ ಗೊತ್ತು ಮಾಡಿರುವುದಿಲ್ಲ. ಆ ಬಾಗಿಲ ಹಿಂದಿನ ಕತ್ತಲೆಗೆ, ಒಬ್ಬರ ಮೈಗೆ ಒಬ್ಬರು ಒತ್ತಿಕೊಂಡು ನಿಂತ ಆ ಜಾಗಕ್ಕೆ ನನ್ನ ಮನಸ್ಸು ಹಡಗಿನ ಮೇಲೆ ನಿಂತು ಹಂಬಲಿಸಿತು ಅಂದರೆ ನೀವು ನಗಬೇಡಿ.

ಅಕ್ಕ ವೇಟರನ್ನು ಕರೆದಳು. ಒಂದು ಆರೆಂಜ್ ಕ್ಯಾನ್ ಬೇಕು, ಮುಚ್ಚಳ ತೆಗೆಯಬೇಡ ಅಂದಳು. ಅವನಿಗೆ ಎಷ್ಟು ಖುಷಿಯಾಯಿತೋ! ಅಂತೂ ಈಯಮ್ಮನಿಗೆ ಏನು ಬೇಕು ಅಂತ ಗೊತ್ತಾಯಿತಲ್ಲ.

ಚೆನ್ನೈನಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಕ್ಯಾನು ಅಕ್ಕನ ಮಡಿಲಲ್ಲಿ. ಕೃಷ್ಣಗಿರಿಯಲ್ಲಿ ಬಸ್ ನಿಂತಾಗ ಟೀ ಕುಡಿಯೋಣ ಅಂದರೂ ಇಳಿಯಲಿಲ್ಲ. "ನೀನು ಕುಡ್ಕಂಡು ಬಾ, ನಾನು ಇಲ್ಲೇ ಇರ್ತೀನಿ" ಅಂದಳು. ಕೂಸು ಮಲಗಿಸಿಕೊಂಡವರು ಅಲುಗಾಡುತ್ತಾರೆಯೇ?

ಮಾರನೆಯ ಬೆಳಗ್ಗೆಯೇ ತವರಿಗೆ ಹೊರಟೆವು.

ಗೋಪಿ ಈಗ ಐವತ್ತರ ಹತ್ತಿರದವನು. ಫ್ಯಾಕ್ಟರಿಯಲ್ಲಿ ಶಿಫ್ಟು, ಉಳಿದ ಹೊತ್ತು ಟೊಮೇಟೊ ತೋಟ. ಹಳೆಯ ಮನೆ ಇದ್ದ ಜಾಗದಲ್ಲೇ ಟೈಲ್ಸ್ ಹಾಕಿದ ಮನೆ ಕಟ್ಟಿದ್ದಾನೆ. ನಮ್ಮನ್ನು ಕಂಡು ಅವನ ಮುಖ ಅರಳಿತು. "ಬಾ ಅಕ್ಕಾ, ಬಾ. ಹಡಗು ಹತ್ತಿ ಬಂದ್ಬುಟ್ಟೆ ಅನ್ನು! ವಾಂತಿಗೀಂತಿ ಆಯ್ತಾ?" ಅಂತ ಸೋಫಾದ ಮೇಲಿದ್ದ ಬಟ್ಟೆಯನ್ನೆಲ್ಲ ತೆಗೆದು ಕೂರಿಸಿದ. ಅವನ ಹೆಂಡತಿ ಶಾಂತಿ ಫ್ಯಾನ್ ಹಾಕಿದಳು. ನಾನು ಅಡುಗೆ ಮನೆ ಕಡೆ ಹೊರಟರೆ, "ಅಯ್ಯೋ, ನೀವ್ಯಾಕಕ್ಕಾ ಬತ್ತೀರಿ, ಕುಂತ್ಕಳಿ" ಅಂತ ವಾಪಸ್ ಕಳಿಸಿದಳು.

ಅಕ್ಕ ಬ್ಯಾಗಿನಿಂದ ಕ್ಯಾನ್ ತೆಗೆದಳು. ಅವನಿಗೆ ಕೊಡುತ್ತಾಳೆ ಅಂದುಕೊಂಡೆ. ಕೊಡಲಿಲ್ಲ. ಅವನ ಎದುರಿಗೇ ಟಪ್ ಅಂತ ತೆರೆದಳು. ಒಂದು ಗುಟುಕು ಕುಡಿದಳು. ನಿಧಾನಕ್ಕೆ ಇನ್ನೊಂದು. ಥೇಟು ಆ ಕಾಲದ ನೆಂಟರ ಹಾಗೆ, ಕ್ಯಾನನ್ನು ಮೊಣಕಾಲ ಮೇಲಿಟ್ಟುಕೊಂಡು ಓರೆಗಣ್ಣಿನಲ್ಲಿ ತಮ್ಮನನ್ನು ನೋಡಿದಳು. ಅರವತ್ತರ ಹೆಂಗಸು! ಕೇಳೋ ಮಾರಾಯ, ಒಂದು ಸಲ ಕೇಳೋ ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಗೋಪಿ ನೋಡಿದ. ಎದ್ದು ಹತ್ತಿರ ಬಂದ. ಕ್ಯಾನಿಗೆ ಕೈ ಹಾಕಿದ.

"ಏನಕ್ಕಾ ಇದು, ಕಾದ ನೀರಾಗೋಗೈತೆ! ಇದ್ನ ಯಾಕೆ ಕುಡೀತೀಯ?" ಅಂದವನೇ ಕ್ಯಾನನ್ನು ಅವಳ ಕೈಯಿಂದ ತೆಗೆದುಕೊಂಡ. "ಶಾಂತೀ, ಫ್ರಿಡ್ಜಾಗೆ ತಣ್ಣಗಿರೋದು ಐತಲ್ಲ, ಅಕ್ಕಂದ್ರಿಗೆ ಒಂದೊಂದು ತಗಂಬಾ."

ಕ್ಯಾನಿನಲ್ಲಿದ್ದುದನ್ನು ಹಿತ್ತಿಲ ತೆಂಗಿನ ಮರದ ಬುಡಕ್ಕೆ ಸುರಿದು ಬಂದ. ಪ್ರೀತಿಯಿಂದಲೇ ಸುರಿದ. ಅಕ್ಕನಿಗೆ ಬಿಸಿ ಕಲರು ಕುಡಿಸಬಾರದು ಅನ್ನುವ ತಮ್ಮನನ್ನು ಏನಂತ ಬೈಯುತ್ತೀರಿ?

ತಣ್ಣನೆಯ ಬಾಟಲಿಗಳು ಬಂದವು. ಅಕ್ಕನಿಗೊಂದು, ನನಗೊಂದು. ಪೂರ್ತಿ. ಅಕ್ಕ ನಗುನಗುತ್ತಲೇ ಹಡಗಿನ ಕತೆ ಹೇಳಿದಳು, ಹಡಗಿನೊಳಗೇ ಈಜುಕೊಳ ಇದ್ದದ್ದು, ಅದರ ನೀರು ನೋಡಿ ತಾನು "ಸುತ್ತಾ ಅಷ್ಟು ನೀರಿಟ್ಕಂಡು ಇದೊಂದು ಯಾಕ್ಲಾ" ಅಂದದ್ದು. ಗೋಪಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮಧ್ಯೆ ಟೊಮೇಟೊ ವ್ಯಾಪಾರಿಯ ಫೋನು ಬಂದು ಅವನು ಅಂಗಳಕ್ಕೆ ಹೋದ. ಅಕ್ಕ ಬಾಟಲಿಯನ್ನು ಬಾಗಿಲ ಪಕ್ಕದ ಕಿಟಕಿ ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬತ್ತೀನಿ ಶಾಂತೀ" ಅಂದಳು.

ತಳದಲ್ಲಿ ಎರಡು ಬೆರಳು ಕಲರು ಉಳಿದಿತ್ತು.

ಅಕ್ಕ ಅಂಗಳಕ್ಕಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನಾನು ಬಾಗಿಲ ಹಿಂದೆ ಸರಿದು ನಿಂತೆ. ಆ ಬಾಟಲಿ ಎತ್ತಿ, ಉಳಿದಿದ್ದನ್ನು ಒಂದೇ ಗುಟುಕಿಗೆ ಕುಡಿದೆ. ನನ್ನದೇ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ಅದು ಸೇರಿರಲಿಲ್ಲ. ಇದು ಸೇರಿತು.

ಬಾಯಿ ಒರೆಸಿಕೊಂಡು ಈಚೆ ಬಂದರೆ ಅಕ್ಕ ಒಂದು ಚಪ್ಪಲಿ ಹಾಕಿಕೊಂಡು, ಇನ್ನೊಂದು ಹಾಕಿಕೊಳ್ಳುವುದನ್ನು ಮರೆತು, ನನ್ನನ್ನೇ ನೋಡುತ್ತಿದ್ದಳು, ಕಿಟಕಿಯಿಂದ ಎಲ್ಲ ಕಂಡಿತ್ತು. ಇನ್ನೊಂದನ್ನೂ ಮೆಟ್ಟಿಕೊಂಡು ರಸ್ತೆಗೆ ನಡೆದಳು. ಬಸ್ಸು ಬಂತು, ಹತ್ತಿದೆವು, ಸೀಟು ಸಿಕ್ಕಿತು. ಬೇರಿಕೆ ದಾಟಿದ ಮೇಲೆ ನನ್ನ ಕೈಯನ್ನು ಎಳೆದು ತನ್ನ ಮಡಿಲಲ್ಲಿ, ಕ್ಯಾನ್ ಇಟ್ಟುಕೊಂಡಿದ್ದ ಜಾಗದಲ್ಲೇ ಇಟ್ಟುಕೊಂಡಳು.

"ನೀನು ಕುಡೀತೀಯ ಅಂತ ಗೊತ್ತಿದ್ದಿದ್ರೆ," ಅಂದಳು, "ಇನ್ನೊಂಚೂರು ಬುಡ್ತಿದ್ದೆ ಕಣೇ."

ಪ್ಯಾಕೇಜಿನ ದುಡ್ಡು ವಸೂಲಾಗಿದ್ದು ಅಲ್ಲಿ, ಬೇರಿಕೆ ಬಸ್ಸಿನಲ್ಲಿ.