ತುಳಸಿ ಕಟ್ಟೆಗೆ ನೆಟ್ಟ ತಂತಿ

ಅತ್ತೆಯ ಬಲ ಹೆಬ್ಬೆರಳಿನ ತುದಿಯಲ್ಲಿ ತಾಮ್ರದ ತಂತಿ ಕೊರೆದ ಗೆರೆಗಳಿದ್ದವು. ಅದು ಎಡ ಹೆಬ್ಬೆರಳೂ ಆಗಿದ್ದೀತು. ಆಗ ನನಗೆ ಒಂಬತ್ತೋ ಹತ್ತೋ, ಕೆಲವು ವಿವರ ತಪ್ಪಿರಬಹುದು. ಗೆರೆಗಳಂತೂ ಇದ್ದವು.

ಅತ್ತೆ ಎಂದರೆ ಅಪ್ಪನ ಅಕ್ಕ. ರೈಲ್ವೆಯಲ್ಲಿ ತಂತಿ ಸಂದೇಶ ಕಳಿಸುವ ಕೆಲಸದಲ್ಲಿದ್ದ ಗಂಡ ತೀರಿಕೊಂಡ ಮೇಲೆ, ಆತನ ತಂತಿ, ಹೆಡ್‌ಫೋನು ತುಂಬಿದ ಒಂದು ಪೆಟ್ಟಿಗೆಯೊಂದಿಗೆ ಕಿರಂಗೂರಿನ ನಮ್ಮ ಮನೆಗೆ ಬಂದರು. ಮೈಸೂರಿನಲ್ಲಿ ರೇಡಿಯೊ ನಿಲಯ ಶುರುವಾಗಿದೆ ಎಂದು ಕೇಳಿದ್ದೇ ತಡ, ಪೆಟ್ಟಿಗೆ ತೆರೆದು ತಾವೇ ಒಂದು ರೇಡಿಯೊ ಕಟ್ಟಲು ಕೂತರು.

ದನಿ ಹಿಡಿಯುವ ಭಾಗದ ಮೇಲೆಯೇ ಅವರ ಜೀವವೆಲ್ಲ. ಬಿದಿರಿನ ತುಂಡಿಗೆ ತಂತಿ ಸುತ್ತುತ್ತ ಹತ್ತು ಸುತ್ತಿಗೊಂದು ಕುಣಿಕೆ ಬಿಡುವರು. ಯಾವ ಕುಣಿಕೆಗೆ ಏರಿಯಲ್ ತಂತಿ ಸಿಕ್ಕಿಸಿದರೆ ಚೆನ್ನಾಗಿ ಕೇಳುತ್ತದೆಂದು ನೋಡುವರು. ಸಾಲದೆಂದು ಎಲ್ಲ ಬಿಚ್ಚಿ ಮತ್ತೆ ಸುತ್ತುವರು.

“ದನಿ ಎಲ್ಲಾ ಕಡೆ ಅದೆ ಕಣವ್ವ. ಒಳಿಕ್ಕೆ ಬರಾಕೆ ಬಾಗ್ಲು ನೆಟ್ಟಗಿರ್ಬೇಕು,” ಎಂದು ನನಗೆ ಹೇಳುತ್ತಿದ್ದರು.

ಏರಿಯಲ್ಲನ್ನು ತೆಂಗಿನ ಮರಕ್ಕೆ ಕಟ್ಟಿ, ಹಸಿ ಮಣ್ಣು ಬೇಡುವ ನೆಲದ ತಂತಿಯನ್ನು ಹಿತ್ತಲಲ್ಲಿ ಹೂತಿದ್ದರು. ಬೇಸಿಗೆಗೆ ಹಿತ್ತಲು ಒಣಗಿ ದನಿ ಕ್ಷೀಣಿಸಿತು. ದಿನವೂ ನೀರು ಬಿದ್ದು ಸದಾ ಹಸಿಯಾಗಿರುವ ಮಣ್ಣು ಮನೆಯಲ್ಲಿ ಒಂದೇ ಕಡೆ. ಅತ್ತೆ ತಂತಿಯನ್ನು ತುಳಸಿ ಕಟ್ಟೆಯಲ್ಲಿ ನೆಟ್ಟರು.

ಅಪ್ಪ ಗದ್ದೆಯಿಂದ ನೇರ ಬಂದರು. “ಅಕ್ಕ, ಊರೋರು ನಗ್ತಾವ್ರೆ. ನಿಮ್ಮಕ್ಕ ದೇವ್ರಿಗೇ ತಂತಿ ಕಟ್ಟವ್ಳಂತಲ್ಲ ಅಂತಾರೆ. ಕಿತ್ತಾಕ್ಬುಡು.”

“ನೀನೇ ಕೇಳ್ಲಾ. ರೇಡಿಯೊ ಮಾತಾಡ್ದಿದ್ರೆ ಪೆಟ್ಗೆ ಸಮೇತ ಹೊಳೆಗಾಕ್ತೀನಿ. ಮಾತಾಡ್ತು ಅಂದ್ರೆ ನೀನು ತಂತಿ ಮುಟ್ಕೂಡ್ದು.”

ಅಪ್ಪ ಹೆಡ್‌ಫೋನು ಹಾಕಿಕೊಂಡು ಬಹಳ ಹೊತ್ತು ಕೂತರು. ಅವರ ಕಾಲ್ಬೆರಳು ತಾಳ ಹಾಕುತ್ತಿತ್ತು ಎಂದು ನನ್ನ ನೆನಪು. ಆ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

“ಏನೂ ಇಲ್ಲ,” ಎಂದರು.

ಅತ್ತೆ ಹೆಡ್‌ಫೋನು ಕಸಿದು ತಮ್ಮ ಕಿವಿಗಿಟ್ಟುಕೊಂಡರು. “ಸುಳ್ಳು ಕಣ್ಲಾ.”

ಅಪ್ಪ ತಂತಿ ಕಿತ್ತರು. ಬೆಳಿಗ್ಗೆ ತುಳಸಿಗೆ ನೀರು ಹಾಕಿ ಅತ್ತೆ ಮತ್ತೆ ನೆಟ್ಟರು. ಅಪ್ಪ ಮತ್ತೆ ಕಿತ್ತರು.

“ನೀನು ಕೀಳು, ನಾನು ನೆಡ್ತೀನಿ. ಯಾರ ಕೈ ಮೊದ್ಲು ಸೋತದೋ ನೋಡಾನ.”

ಎಷ್ಟು ದಿನ ನಡೆಯಿತೋ ಮರೆತಿದ್ದೇನೆ. ಸೋತದ್ದು ಅಪ್ಪನ ಕೈ. ಮುಂದೆ ಕಾಲೇಜು ಬೇಡವೆಂದು ಅಪ್ಪ ಹೇಳಿದಷ್ಟು ದಿನವೂ ನಾನು ಕಳಿಸೆಂದು ಕೇಳುತ್ತಲೇ ಇದ್ದೆ. ಆ ಹಟ ನನ್ನದಲ್ಲ, ಅತ್ತೆಯದು.

ಅತ್ತೆಯ ತಿಥಿ ಮುಗಿದ ಸಂಜೆ, ಜಗಲಿಯಲ್ಲಿ ಒಬ್ಬರೇ ಕೂತಿದ್ದ ಅಪ್ಪನನ್ನು ಕೇಳಿದೆ. ಅವರು ಎದ್ದು ಕೊಟ್ಟಿಗೆಗೆ ಹೋದರು. ನಾನು ಕೇಳಿದ್ದು ಇಷ್ಟೇ:

“ಅಪ್ಪ, ಅವತ್ತು ನಿಂಗೆ ಹಾಡು ಕೇಳಿಸ್ತೋ, ಇಲ್ವೋ?”