ನಾನು ಹೇಳಿಕೊಟ್ಟ ಮಾತು

ಲವಿಟಾ ಮಾತು ನಿಲ್ಲಿಸಿ ಮೇಲೆ ನೋಡುತ್ತಾ ನಿಂತುಬಿಟ್ಟಳು. ಮಂಗಳೂರಿನಲ್ಲಿ ನಮ್ಮ ರಂಗಕಲಾ ವಿಭಾಗದ ನಾಟಕ. ಆಕೆಯದು ತಾಯಿಯ ಪಾತ್ರ, ಎದುರಿಗೆ ಸತ್ತ ಮಗನಾಗಿ ಧನುಷ್ ಕಣ್ಣು ಮುಚ್ಚಿ ಮಲಗಿದ್ದ. ಪರದೆಯ ಪಕ್ಕ ನಾಟಕದ ಪ್ರತಿ ಹಿಡಿದು ಕುಳಿತು ಮಾತು ನೆನಪಿಸಿಕೊಡುವ ಕೆಲಸ ನನ್ನದು. ಮರೆತಳೆಂದುಕೊಂಡು, "ಕಣ್ಣು ಬಿಡು ಮಗನೇ" ಎಂದು ಪಿಸುಗುಟ್ಟಿದೆ. ಅವಳು ಅಲುಗಲಿಲ್ಲ. ಸಿಟ್ಟು ಬಂದು ಸಭೆಗೇ ಕೇಳುವಷ್ಟು ಜೋರಾಗಿ ಅದನ್ನೇ ಹೇಳಿದೆ. ಮುಂದಿನ ಸಾಲಿನವರು ನಕ್ಕರು.

ಆಗ ಅವಳು ಧನುಷ್‌ನ ಕಾಲು ಹಿಡಿದು ಎಳೆದಳು. ಮರುಕ್ಷಣ ಅವನ ತಲೆಯಿದ್ದ ಜಾಗಕ್ಕೇ ಮೇಲಿನ ದೊಡ್ಡ ಲೈಟ್ ಕಳಚಿ ಬಿತ್ತು.

ಪರದೆಯ ಒಳಗೆ ಬಂದವಳೇ ಲವಿಟಾ ನನ್ನತ್ತ ತಿರುಗಿದಳು. "ಲೈಟ್ ಅಲ್ಲಾಡುದು ಕಂಡು ನಂಗೆ ಮಾತೇ ಹೊರಡ್ಲಿಲ್ಲ. ನಿಂಗೆ ಡೈಲಾಗಿದ್ದೇ ಚಿಂತೆಯಾ ಮಾರಾಯ್ತಿ? ಒಮ್ಮೆ ಮೇಲೆ ನೋಡ್ಲಿಕ್ಕೆ ಎಂತ?" ಎಂದಳು.

ಧನುಷ್ ಕೂದಲಲ್ಲಿದ್ದ ಗಾಜಿನ ಚೂರು ಕೊಡವುತ್ತಾ ನನ್ನನ್ನು ತೋರಿಸಿ, "ಇವಳು ಸರಿಯಾಗಿಯೇ ಹೇಳಿದ್ದು. ನಾನೇ ಕಣ್ಣು ಬಿಡ್ಲಿಲ್ಲ" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಲೈಟ್ ಬೀಳುವ ಸದ್ದಿಗಿಂತ ಮೊದಲು ನನ್ನ ಸಿಟ್ಟಿನ ದನಿ ಕೇಳುತ್ತದೆ. ಅಲ್ಲಿ ಧನುಷ್‌ನ ಮೇಲಿದ್ದ ಅಪಾಯವನ್ನು ನಿಜವಾಗಿ ನೋಡುತ್ತಿದ್ದವಳು ಲವಿಟಾ ಒಬ್ಬಳೇ. ಅವಳು ಮಾತು ಮರೆತಳೆಂದು ಇಡೀ ಸಭೆಗೆ ಸಾರಿದವಳು ನಾನು.